ಹಚ್ಚೋ ಎಣ್ಣೆ

ಬೀದಿಗೆಲ್ಲ ಅವಳು ಜಾಮಕ್ಕ. ಹೆತ್ತವರು ಇಟ್ಟ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಬ್ರೆಡ್ಡಿಗೆ ಸವರುವ ಜಾಮಿಗೂ ಈ ಹೆಸರಿಗೂ ನಂಟಿಲ್ಲ. ಅಪ್ಪನ ಮರದ ಡಿಪೋದಲ್ಲಿ ಮರ ಕೊಯ್ಯುವ ಹೊಚ್ಚ ಹೊಸ ಚೈನ್ ಮೆಷಿನ್ನಿನ ಪಿಸ್ಟನ್ನು ಜಾಮ್ ಆಗಿ ಕೂತ ದಿನ, ಅದು ಅವಳದೇ ಕೈಗುಣವೆಂದು ತೀರ್ಮಾನವಾಯಿತು. ಲಾರಿ ಡ್ರೈವರ್ ಅಂದು ತಮಾಷೆಗೆ ಎಸೆದ ಹೆಸರು ಗ್ರೀಸಿನ ಹಾಗೆ ಮೈಗೆ ಮೆತ್ತಿಕೊಂಡಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅಂದು ಅಪ್ಪ ಎಂಜಿನ್ ಬಿಚ್ಚಿ, ಪಿಸ್ಟನ್ನಿಗೆ ಹತ್ತಿದ್ದ ಕರಿ ಅಂಟನ್ನು ಉಗುರಿನಲ್ಲಿ ಕೆರೆದು ನೋಡಿದ್ದರು. "ಪೆಟ್ರೋಲಿಗೆ ತಪ್ಪು ಎಣ್ಣೆ ಬೆರೆಸಿದಾರೆ. ಯಾರು?"

"ನಾನಲ್ಲ" ಎಂದಳು ಅವಳು.

ಬೆರೆಸಿದ್ದು ಅಣ್ಣ. ಕೆಲಸಕ್ಕೆ ಹೊತ್ತಾಯಿತೆಂದು ಬೆಳಿಗ್ಗೆ ಅವನೇ ಕ್ಯಾನು ಅಲ್ಲಾಡಿಸುತ್ತಿದ್ದುದನ್ನು ಅವಳು ಅಡುಗೆಮನೆ ಕಿಟಕಿಯಿಂದ ಕಣ್ಣಾರೆ ಕಂಡಿದ್ದಳು. ಆದರೆ ಅಣ್ಣ ಮುಖದ ಒಂದು ಗೆರೆಯೂ ಅಲುಗದೆ, "ನಾನು ಮುಟ್ಟೇ ಇಲ್ಲಪ್ಪ, ಬೆರೆಸೋದು ಯಾವಾಗ್ಲೂ ಅವಳೇ ತಾನೆ?" ಎಂದುಬಿಟ್ಟ. ಡ್ರೈವರ್, ಹಮಾಲರು, ಅತ್ತಿಗೆ, ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಅಪ್ಪ ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, "ಇನ್ನು ಮೇಲೆ ನೀನು ಮೆಷಿನ್ ಮುಟ್ಟಬೇಡ" ಎಂದರು.

ಅವಳು ಡಿಪೋ ಬಿಟ್ಟಳು. ಪಂಪು, ಔಷಧಿ ಸಿಂಪಡಿಸುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ ಎಂದು ಊರಿನ ಸಣ್ಣ ಎಂಜಿನ್ನುಗಳನ್ನೆಲ್ಲ ರಿಪೇರಿ ಮಾಡುತ್ತ, ಸೈಕಲ್ ಅಂಗಡಿಯ ಪಕ್ಕದ ಓಣಿಯಲ್ಲಿ ತನ್ನದೇ ಶೆಡ್ಡು ಮಾಡಿಕೊಂಡಳು. ಅವಳ ಕೈಯಲ್ಲಿ ಯಾವುದೂ ಜಾಮ್ ಆಗಲಿಲ್ಲ. ಹೆಸರು ಮಾತ್ರ ಬದಲಾಗಲಿಲ್ಲ. ಹಗೆ ಹಸಿ ಸೌದೆಯ ಹಾಗೆ ಹೊಟ್ಟೆಯೊಳಗೆ ಹೊಗೆಯಾಡುತ್ತಲೇ ಇತ್ತು. ಅವಳಿಗೆ ಬೇಕಾಗಿದ್ದುದು ಒಂದೇ: ಅದೇ ಅಂಗಳದಲ್ಲಿ, ಅದೇ ಜನರ ಮುಂದೆ, ಅಪ್ಪ ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ ಅಣ್ಣನೇ ಗೋಣಿಚೀಲವೊಂದನ್ನು ಹೊತ್ತುಕೊಂಡು ಶೆಡ್ಡಿನ ಬಾಗಿಲಿಗೆ ಬಂದ. ಚೀಲದ ತಳದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಬನ್ನಿ, ಕೂತ್ಕೊಳ್ಳಿ" ಎಂದಳು ಜಾಮಕ್ಕ.

"ಏನಿದು, ಬನ್ನಿ ಗಿನ್ನಿ ಅಂತ? ನಾನೇನು ಹೊರಗಿನೋನಾ?"

"ಅಂಗಡಿಗೆ ಬಂದೋರಿಗೆಲ್ಲ ಹಾಗೇ ಅನ್ನೋದು. ಏನಾಗಿದೆ ಹೇಳಿ."

ಅಣ್ಣ ಚೀಲ ಬಿಚ್ಚಿದ. ಒಳಗಿದ್ದುದು ಅಪ್ಪನ ಮೊದಲ ಮೆಷಿನ್ನು. ಹಿಡಿಯ ರಬ್ಬರು ಅಪ್ಪನ ಬೆರಳಿನ ಅಚ್ಚಿಗೇ ಸವೆದಿತ್ತು. ಅವಳು ಮುಖ ತೋರಿಸಬಾರದೆಂದು ಬಗ್ಗಿ ಚೈನಿನ ಬಿಗಿ ನೋಡತೊಡಗಿದಳು.

"ಸ್ಟಾರ್ಟ್ ಮಾಡಿದ್ರೆ ಸಾಕು, ಇಟ್ಟಿಗೆ ಗೂಡಿನ ಥರ ಹೊಗೆ. ಕೆಳಗೆ ಇಟ್ರೆ ಎಣ್ಣೆ ಸೋರುತ್ತೆ. ದೊಡ್ಡ ರಸ್ತೆ ಮೆಕ್ಯಾನಿಕ್ ಸೈಲೆನ್ಸರ್ ತೊಳೆದು ತೊಳೆದು ಕೊಟ್ಟ, ವಾರಕ್ಕೆ ಮತ್ತೆ ಅದೇ ಕಥೆ. ನಿಮ್ಮ ಅತ್ತಿಗೆ ಹಟ ಹಿಡಿದಳು, ನಿನ್ನ ಹತ್ರಾನೇ ತಗೊಂಡು ಹೋಗಿ ಅಂತ." ಅವನು ಕೈ ಒರೆಸಿಕೊಂಡ. "ನೋಡಿ ಮಾಡಮ್ಮ. ಇದನ್ನೂ ಜಾಮ್ ಮಾಡಿಡಬೇಡ."

ಎಂಥ ಮಾತು! ಬಂದಿರುವುದು ಕೈ ಚಾಚಿಕೊಂಡು, ನಾಲಿಗೆ ಮಾತ್ರ ಹಳೆಯದೇ. ಅವಳು ಹಲ್ಲು ಕಚ್ಚಿ, "ಈಗ ಎಣ್ಣೆ ತುಂಬೋದು ಯಾರು?" ಎಂದಷ್ಟೇ ಕೇಳಿದಳು.

"ಆವತ್ತಿಂದ ಅಪ್ಪ ಯಾರ ಕೈಗೂ ಕೊಡ್ತಿರಲಿಲ್ಲ, ತಾವೇ ಬೆರೆಸೋರು. ಈಗ ಅವರ ಕೈ ನಡುಗುತ್ತೆ. ಹಾಗಾಗಿ ನಾನೇ" ಎಂದು ಹೇಳಿ ಅಣ್ಣ ಹೊರಟುಹೋದ.

ಅವಳು ಹಳೇ ಪೇಪರು ಹಾಸಿ ಮೆಷಿನ್ನು ಇಟ್ಟು ಹಗ್ಗ ಎಳೆದಳು. ಎಂಜಿನ್ ಕೆಮ್ಮಿ ಎದ್ದಿತು. ಶೆಡ್ಡಿನ ತುಂಬ ನೀಲಿ ಹೊಗೆ ಕವಿದು, ಗೋಡೆಯ ಸಾಮಾನುಗಳು ಒಂದೊಂದಾಗಿ ಮರೆಯಾದವು.

"ಜಾಮಕ್ಕಾ, ಸೊಳ್ಳೆ ಓಡಿಸ್ತಿದೀಯೋ, ನಮ್ಮನ್ನೇ ಓಡಿಸ್ತಿದೀಯೋ?" ಎಂದು ಸೈಕಲ್ ಅಂಗಡಿಯವನು ಆಚೆಯಿಂದ ಕೂಗಿದ.

ಅವಳು ಆರಿಸಿದಳು. ಹೊಗೆ ಕರಗುವವರೆಗೆ ಸುಮ್ಮನೆ ನಿಂತಳು. ಆಗಲೇ ಆ ಯೋಚನೆ ಬಂದದ್ದು. ಕೈಗೆ ಚೈನು ತಾಗದಂತೆ ತಟ್ಟನೆ ನಿಲ್ಲಿಸುವ ಬ್ರೇಕಿನ ಸ್ಪ್ರಿಂಗು ಅಲ್ಲೇ, ಮುಚ್ಚಳದಡಿ ಇತ್ತು. ಸ್ವಲ್ಪ ಸಡಿಲಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಆದರೆ ಅವಳು ಮುಂದಿನದನ್ನು ಯೋಚಿಸದೆ ಹೆಜ್ಜೆ ಇಡುವವಳಲ್ಲ. ಮೆಷಿನ್ನು ಕೆಟ್ಟರೆ ಅಣ್ಣ ಏನೆನ್ನುತ್ತಾನೆ? "ನೋಡಿದ್ರಾ, ಅವಳ ಕೈ ತಾಗಿದ್ರೆ ಹೀಗೇ." ಅಷ್ಟಕ್ಕೇ ಅವನು ಗೆದ್ದ ಹಾಗೆ. ಇಲ್ಲ, ಈ ಮೆಷಿನ್ನು ಅಪ್ಪ ತಂದ ದಿನದ ಹಾಗೆ ಓಡಬೇಕು. ಬ್ರೇಕಿನ ಸ್ಪ್ರಿಂಗು ಹಳತಾಗಿತ್ತು. ಅವಳು ಹೊಸದನ್ನೇ ಹಾಕಿ, ಮತ್ತೆ ಮತ್ತೆ ಒತ್ತಿ ನೋಡಿದಳು.

ಪ್ಲಗ್ ಬಿಚ್ಚಿದರೆ ಕರ್ರಗೆ, ಜಿಗುಟು ಜಿಗುಟು. ಸೈಲೆನ್ಸರಿನ ಜಾಲರಿ ಮುಚ್ಚಿಯೇ ಹೋಗಿತ್ತು. ಚೈನಿನ ಎಣ್ಣೆಯ ಪೈಪಿನಲ್ಲಿ ಸೀಳೂ ಇರಲಿಲ್ಲ, ಸವೆತವೂ ಇರಲಿಲ್ಲ. ಹಾಗಾದರೆ ಸೋರುವುದು ಏಕೆ? ಅವಳು ಪೆಟ್ರೋಲ್ ಟ್ಯಾಂಕನ್ನು ಗಾಜಿನ ಬಾಟಲಿಗೆ ಬಗ್ಗಿಸಿದಳು. ತಳದಲ್ಲಿ ಜೇನಿನ ಹಾಗೆ ಎಳೆ ಎಳೆಯಾಗಿ ಏನೋ ಇಳಿಯಿತು. ಚೈನಿನ ಟ್ಯಾಂಕಿಗೆ ಬೆರಳದ್ದಿದಳು. ತೆಳ್ಳನೆಯ ಹಸಿರು ಎಣ್ಣೆ ಬೆರಳಿನ ಮೇಲೆ ನಿಲ್ಲದೆ ಜಾರಿಹೋಯಿತು.

ಅದಲು ಬದಲು. ಪೆಟ್ರೋಲಿಗೆ ಬೆರೆಯಬೇಕಾದ ತೆಳು ಎಣ್ಣೆ ಚೈನಿನ ಟ್ಯಾಂಕಿನಲ್ಲಿತ್ತು, ನಿಲ್ಲಲಾರದೆ ಸೋರುತ್ತಿತ್ತು. ಚೈನಿಗೆ ಅಂಟಬೇಕಾದ ಜಿಗುಟು ಎಣ್ಣೆ ಎಂಜಿನ್ನಿನೊಳಗೆ ಹೋಗಿ ಹೊಗೆಯಾಗುತ್ತಿತ್ತು. ಹೊಗೆಗೂ ಸೋರಿಕೆಗೂ ಇದ್ದುದು ಒಂದೇ ಕಾರಣ. ಆದರೆ ಹುಟ್ಟಿದಾಗಿನಿಂದ ಡಿಪೋದಲ್ಲಿ ಬೆಳೆದ ಮನುಷ್ಯ ಇಂಥ ತಪ್ಪು ಮಾಡುವುದು ಹೇಗೆ? ಅವಳು ಫೋನ್ ಎತ್ತಿಕೊಂಡಳು.

"ಪೆಟ್ರೋಲಿಗೆ ಯಾವ ಎಣ್ಣೆ ಬೆರೆಸ್ತೀರಿ?"

"ಇನ್ಯಾವುದು? ಹಚ್ಚೋದು" ಎಂದ ಅಣ್ಣ ಆ ಕಡೆಯಿಂದ. "ಎಂಜಿನ್ ಒಳಗೆ ಹಚ್ಚೋ ಎಣ್ಣೆ, ಚೈನಿಗೆ ಕುಡಿಯೋ ಎಣ್ಣೆ. ಅಪ್ಪ ಹೇಳಿಕೊಟ್ಟಿದ್ದು ಅದೇ ತಾನೆ? ಯಾಕೆ?"

"ಸುಮ್ನೆ ಕೇಳಿದೆ" ಎಂದು ಫೋನ್ ಇಟ್ಟು, ಬಾಯಿಗೆ ಸೆರಗು ಒತ್ತಿಕೊಂಡಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

ಅದು ಅಪ್ಪನದೇ ಭಾಷೆ, ಅವರ ಮನೆ ಬಿಟ್ಟರೆ ಜಗತ್ತಿನಲ್ಲಿ ಯಾರೂ ಆಡದ ಭಾಷೆ. ಉಗ್ರಾಣದ ಗೋಡೆಗೆ ಎರಡು ತಗಡಿನ ಡಬ್ಬಿ, ಎರಡಕ್ಕೂ ಚೀಟಿಯಿಲ್ಲ. ನೆಗ್ಗಿದ್ದು ಹಚ್ಚೋ ಎಣ್ಣೆ, ಚಪ್ಪಟೆಯದು ಕುಡಿಯೋ ಎಣ್ಣೆ. ಎಂಜಿನ್ನು ಪೆಟ್ರೋಲಿನ ಜೊತೆ ಕುಡಿಯುವುದು ಕುಡಿಯೋ ಎಣ್ಣೆ. ತಲೆಗೆ ಹಚ್ಚಿದ ಹಾಗೆ ಚೈನಿಗೆ ಹಚ್ಚುವುದು ಹಚ್ಚೋ ಎಣ್ಣೆ. ಅಪ್ಪನಿಗೆ ಅದು ಬೆಳಕಿನಷ್ಟು ಸ್ಪಷ್ಟವಾಗಿತ್ತು. ಅಣ್ಣನ ಕಿವಿಗೆ ಬಿದ್ದದ್ದು ಬೇರೆ ಹಚ್ಚುವಿಕೆ, ಕಡ್ಡಿ ಗೀರಿ ದೀಪ ಹಚ್ಚುವುದು. ಬೆಂಕಿ ಇರುವುದು ಎಂಜಿನ್ನಿನಲ್ಲಿ ತಾನೆ? ಅಲ್ಲಿಗೇ ಸುರಿದ. ಆವತ್ತೂ ಸುರಿದಿದ್ದ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಒಂದೇ ವಾಕ್ಯ. ಅವಳು ಹೇಳಲಿಲ್ಲ. ಎಲ್ಲವನ್ನೂ ತೊಳೆದು, ಹೊಸ ಪ್ಲಗ್ ಹಾಕಿ, ತನ್ನ ಎಣ್ಣೆ ತುಂಬಿ ಓಡಿಸಿ ನೋಡಿದಳು. ಹೊಗೆಯಿಲ್ಲ, ತೊಟ್ಟು ಸೋರಿಕೆಯಿಲ್ಲ. ಆಮೇಲೆ ಎರಡೂ ಟ್ಯಾಂಕುಗಳನ್ನು ಒಣಗುವಷ್ಟು ಖಾಲಿ ಮಾಡಿದಳು.

ಡಿಪೋದಲ್ಲಿ ಎಲ್ಲರೂ ಚಹಾಕ್ಕೆ ಅಂಗಳದಲ್ಲಿ ಸೇರುವ ಹೊತ್ತು ಅವಳಿಗೆ ಬಾಯಿಪಾಠ. ಸರಿಯಾಗಿ ಆ ಹೊತ್ತಿಗೇ ಗೇಟು ತಳ್ಳಿದಳು. ಡ್ರೈವರ್ ದಿಮ್ಮಿಯ ಮೇಲೆ ಕೂತಿದ್ದ. ಹಮಾಲರು ನೆರಳಿಗಿದ್ದರು. ಅತ್ತಿಗೆ ಲೋಟ ಹಂಚುತ್ತಿದ್ದಳು. ಅಪ್ಪ ಬೆತ್ತದ ಕುರ್ಚಿಯಲ್ಲಿದ್ದರು. ಜೀವಮಾನವಿಡೀ ಮೆಷಿನ್ನಿನ ಸದ್ದು ಕುಡಿದ ಅವರ ಕಿವಿ ಈಗ ಕೂಗಿದರಷ್ಟೇ ಕೇಳುತ್ತಿತ್ತು.

"ಓಹೋ, ಜಾಮಕ್ಕ ಬಂದ್ಳು! ಎಲ್ರೂ ನಿಮ್ಮ ನಿಮ್ಮ ಗಾಡಿ ಒಳಗಿಟ್ಕೊಳ್ರಪ್ಪ" ಎಂದ ಡ್ರೈವರ್. ಹಮಾಲರು ನಕ್ಕರು.

ಅವಳು ಅಪ್ಪನ ಕಾಲಿನ ಬಳಿಯೇ ಮೆಷಿನ್ನು ಇಟ್ಟಳು. "ಟ್ಯಾಂಕ್ ಖಾಲಿ ಮಾಡೇ ತಂದಿದೀನಿ" ಎಂದಳು ಅಣ್ಣನಿಗೆ. "ನಿಮ್ಮ ಎಣ್ಣೆ ನೀವೇ ಬೆರೆಸಿ ಹಾಕಿ, ಎಲ್ಲರ ಮುಂದೆ ಓಡಿಸಿ ನೋಡಿ. ಆಮೇಲೆ ನಾನು ತಪ್ಪು ಎಣ್ಣೆ ಹಾಕ್ದೆ ಅನ್ನೋ ಮಾತು ಬೇಡ."

"ಅದೂ ಸರಿನೇ" ಎಂದು ಅಣ್ಣ ಗತ್ತಿನಿಂದ ಒಳಗೆ ಹೋಗಿ ಎರಡೂ ಡಬ್ಬಿ, ಪೆಟ್ರೋಲಿನ ಕ್ಯಾನು ತಂದ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತಳು. ಅವನು ಕೊನೇ ಗಳಿಗೆಯಲ್ಲಿ ಸರಿಯಾದ ಡಬ್ಬಿ ಎತ್ತಿಕೊಂಡರೆ? ಯಾರಾದರೂ ಮೊದಲೇ ತಿದ್ದಿದ್ದರೆ? ಅವಳು ಅವನ ಕೈಯನ್ನೇ ನೋಡಿದಳು. ಆ ಕೈ ನೆಗ್ಗಿದ ಡಬ್ಬಿಯನ್ನು ಎತ್ತಿ ಪೆಟ್ರೋಲಿನ ಕ್ಯಾನಿಗೆ ಬಗ್ಗಿಸಿತು.

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಏಯ್, ಏನೋ ಅದು?"

"ಹಚ್ಚೋದು ಅಪ್ಪ."

"ಕೇಳಿಸ್ಲಿಲ್ಲ, ಜೋರಾಗಿ ಹೇಳು."

"ಹಚ್ಚೋ ಎಣ್ಣೆ!"

"ಯಾತಕ್ಕೆ ಹಾಕ್ತಿದೀಯ?"

"ಪೆಟ್ರೋಲಿಗೆ! ಪೆಟ್ರೋಲಿಗೆ ಅಪ್ಪಾ!" ಅಣ್ಣನ ಕೂಗು ಗೇಟಿನಾಚೆಗೂ ಕೇಳಿಸಿತು.

ಅಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತು. "ಹಚ್ಚೋದು ಅಂದ್ರೆ ಏನಂತ ತಿಳ್ಕೊಂಡಿದೀಯೋ?"

"ಹಚ್ಚೋದು ಅಂದ್ರೆ... ಹೊತ್ತಿಸೋದು! ದೀಪ ಹಚ್ಚಲ್ವಾ, ಹಾಗೆ!"

ಡ್ರೈವರಿನ ಮೂಗಿನಿಂದ ಚಹಾ ಚಿಮ್ಮಿತು. "ಹಾಗಾದ್ರೆ ತಲೆಗೆ ಎಣ್ಣೆ ಹಚ್ಕೊಳ್ಳೋವಾಗ ಕಡ್ಡಿ ಗೀರ್ತೀರಾ, ಯಜಮಾನ್ರೇ?"

ಹಮಾಲರು ಬಿದ್ದು ಬಿದ್ದು ನಕ್ಕರು. ಅತ್ತಿಗೆ ಕೂಡ ಲೋಟದ ತಟ್ಟೆಯ ಹಿಂದೆ ಮುಖ ಮರೆಸಿಕೊಂಡಳು. ಅಣ್ಣ ಡಬ್ಬಿ ಹಿಡಿದವನು ಹಿಡಿದ ಹಾಗೇ ನಿಂತಿದ್ದ. ಕಿವಿಗಳು ಕೆಂಡದ ಹಾಗೆ ಕೆಂಪಾಗಿದ್ದವು. ಜಾಮಕ್ಕ ನಗಲಿಲ್ಲ. ಒಂದೊಂದು ನಗುವನ್ನೂ ಹನಿಹನಿಯಾಗಿ ಒಳಗಿಳಿಸಿಕೊಂಡಳು.

ಅಪ್ಪನೂ ನಗಲಿಲ್ಲ. ಅವರು ಬೆರಳನ್ನು ಆ ಜಿಗುಟಿಗೆ ಅದ್ದಿ, ಉಗುರಿನಲ್ಲಿ ಕೆರೆದು ನೋಡಿದರು. ಆ ಕೆರೆತ ಅವಳಿಗೆ ನೆನಪಿತ್ತು. ಅವರಿಗೂ ನೆನಪಾಗಿರಬೇಕು.

"ಆವತ್ತು ಬೆರೆಸಿದ್ದು ಯಾರು?"

ಅಣ್ಣ ನೆಲ ನೋಡಿದ. ತುಟಿ ಮಾತ್ರ ಅಲುಗಿತು.

"ಕೇಳಿಸ್ಲಿಲ್ಲ."

"ನಾನು! ನಾನೇ ಅಪ್ಪ!"

ಅಪ್ಪ ನಡುಗುವ ಕೈ ಚಾಚಿ ಅವನಿಂದ ಡಬ್ಬಿ ಕಿತ್ತುಕೊಂಡರು. "ಇನ್ನು ಮೇಲೆ ನೀನು ಮೆಷಿನ್ ಮುಟ್ಟಬೇಡ."

ಅಕ್ಷರ ಅಕ್ಷರ ಅದೇ ಮಾತು. ಅವಳು ಕಣ್ಣು ಮುಚ್ಚಿ ತೆರೆದಳು. ಅಪ್ಪ ಅವಳ ಕಡೆ ತಿರುಗಿ, ಅವಳಿಗಷ್ಟೇ ಕೇಳುವ ಹಾಗೆ ಮೆಲ್ಲಗೆ, "ನೀನಲ್ಲ ಕಣಮ್ಮ, ನೀನಲ್ಲ" ಎಂದರು.

ಅಷ್ಟು ವರ್ಷ ಕಾದಿದ್ದು ಇದಕ್ಕೇ. ಆದರೆ ಇದನ್ನು ಪಿಸುಮಾತಿನಲ್ಲಿ ಮುಗಿಸಲು ಅವಳು ಬಂದಿರಲಿಲ್ಲ.

"ಕೇಳಿಸ್ಲಿಲ್ಲ ಅಪ್ಪ" ಎಂದಳು ದನಿ ಏರಿಸಿ.

ಅಪ್ಪ ಅವಳನ್ನು ಬಹಳ ಹೊತ್ತು ನೋಡಿದರು. ಮಗಳ ಕಿವಿ ಚೆನ್ನಾಗಿದೆ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಕುರ್ಚಿಯ ತೋಳು ಹಿಡಿದು ಎದ್ದು ನಿಂತು, ಅಂಗಳದ ಕಡೆ ತಿರುಗಿ, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದರು: "ಆವತ್ತು ಮೆಷಿನ್ ಕೆಡಿಸಿದ್ದು ಇವಳಲ್ಲ! ಇವಳ ಮೇಲೆ ನಾನು ಹೊರಿಸಿದ್ದು ತಪ್ಪು!"

ಡ್ರೈವರ್ ಲೋಟ ಕೆಳಗಿಟ್ಟು ತಲೆ ತಗ್ಗಿಸಿದ.

ಅವಳು ಚಪ್ಪಟೆ ಡಬ್ಬಿಯಿಂದ ಪೆಟ್ರೋಲು ಬೆರೆಸಿದಳು, ನೆಗ್ಗಿದ್ದರಿಂದ ಚೈನಿನ ಟ್ಯಾಂಕು ತುಂಬಿದಳು, ಹಗ್ಗ ಎಳೆದಳು. ಮೆಷಿನ್ನು ಮೊದಲ ಎಳೆತಕ್ಕೇ ಹೊಗೆಯಿಲ್ಲದೆ ಗುಡುಗಿತು. ಹಿರಿಯ ಹಮಾಲನ ಕೈಗೆ ಅದನ್ನು ಕೊಟ್ಟು ಚೀಲ ಮಡಚಿದಳು.

"ನಾಳೆಯಿಂದ ಡಿಪೋಗೆ ಬಾಮ್ಮ" ಎಂದರು ಅಪ್ಪ.

"ನನಗೆ ಅಂಗಡಿ ಇದೆ" ಎಂದು ಅವಳು ಜೋರಾಗಿ, ಅವರಿಗೆ ಕೇಳುವ ಹಾಗೆ ಹೇಳಿದಳು. "ಕೆಟ್ಟರೆ ಕಳಿಸಿ."

ಗೇಟಿನ ತನಕ ಅತ್ತಿಗೆ ಹಿಂದೆಯೇ ಬಂದಳು. "ಅಂಗಡಿಲೇ ಗೊತ್ತಾಗಿತ್ತಲ್ವಾ ನಿನಗೆ? ಅವರಿಗೆ ಅಲ್ಲೇ ಒಂದು ಮಾತು ಹೇಳಬಹುದಿತ್ತು. ಎಲ್ಲರ ಮುಂದೆ ಹೀಗೆ..."

"ಹೇಳಬಹುದಿತ್ತು ಅತ್ತಿಗೆ."

"ಮತ್ತೆ?"

"ಆವತ್ತು ನೀವೂ ಇಲ್ಲೇ ನಿಂತಿದ್ರಿ."

ಜಾಮಕ್ಕ ಚಿಲಕ ಹಾಕಿ ಬೀದಿಗಿಳಿದಳು. ತಿರುವಿನಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟಳು. ಮೆಷಿನ್ನು ದಿಮ್ಮಿಗೆ ಇಳಿದ ಸದ್ದು ಒಂದೇ ಹದದಲ್ಲಿ ಬರುತ್ತಿತ್ತು. ಅಣ್ಣನಿಗೆ ಯಾವತ್ತೂ ಹಾಗೆ ಒಂದೇ ಹದದಲ್ಲಿ ಕೊಯ್ಯಲು ಬರುತ್ತಿರಲಿಲ್ಲ. ಮೆಷಿನ್ನು ಅವನ ಕೈಯಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ ಅವಳು ಮುಂದೆ ನಡೆದಳು.