ಮಂತ್ರಮುಗ್ಧಕ್ಕೆ ಒಂದು ಉದಾಹರಣೆ

ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಒಂದು ಹಟಮಾರಿ ನಿಯಮವಿದೆ. ಉದಾಹರಣೆಯ ವಾಕ್ಯವನ್ನು ಕೂತು ಹೊಸೆಯುವಂತಿಲ್ಲ, ಯಾರೋ ನಿಜವಾಗಿ ಆಡಿದ ಮಾತೇ ಬೇಕು. ಅಚ್ಚಿಗೆ ಹೋಗುವ ಮುಂಚೆ, ಆಡಿದವರು ಒಬ್ಬರೇ ಇರುವಾಗ ಓದಿ ಹೇಳಿ, ಚೀಟಿಯ ಮೇಲೆ ಸಹಿ ಹಾಕಿಸಿಕೊಳ್ಳಬೇಕು.

'ಸ್ಪೆಲ್‌ಬೌಂಡ್' ನನ್ನ ಪಾಲಿಗೆ ಬಂದಿತ್ತು. ಅರ್ಥ: ಮಂತ್ರಮುಗ್ಧ. ಬಳಕೆ: ಕೇಳುವವರ ಬಗ್ಗೆ, ಮಾತಾಡುವವರ ಬಗ್ಗೆ ಅಲ್ಲ. ಉದಾಹರಣೆ ನನ್ನ ಅಕ್ಕನದು, ಮದುವೆ ಗೊತ್ತಾದ ವಾರ ಅಂದದ್ದು: "ಅವರು ಮಾತಾಡ್ತಿದ್ರೆ ನಾನು ಮಂತ್ರಮುಗ್ಧಳಾಗಿ ಕೂತುಬಿಡ್ತೀನಿ." ಆಗ ಎಷ್ಟು ರೇಗಿಸಿದ್ದೆವು ಅವಳನ್ನು!

ಸಹಿಗೆಂದು ಹೋದಾಗ ಅವಳ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಆರು ತಿಂಗಳಲ್ಲಿ ಇದು ಎರಡನೆಯ ಸಲ.

"ಬಚ್ಚಲಲ್ಲಿ ಜಾರಿದ್ಳು. ನಿಮ್ಮಕ್ಕನಿಗೆ ನೆಲ ಅಂದ್ರೆ ಅಷ್ಟು ಪ್ರೀತಿ," ಅಂದ ಭಾವ.

ಸಹಿ ಬರೀ ನೆಪ, ಕೈ ಮುರಿದ ಸುದ್ದಿ ಕೇಳಿಯೇ ನಾನು ಬಂದದ್ದು, ಅವಳನ್ನು ಕರೆದೊಯ್ಯಲು.

"ಭಾವ, ನೀವು ಹೊರಗಿರ್ಬೇಕು. ಕಚೇರಿ ನಿಯಮ."

"ಅಪ್ಪಣೆ, ತಾಯಿ!" ಎಂದು ಕೈಮುಗಿದು ಗೇಟಿನ ಬಳಿ ಹೋದ. ಅವನ ಮಾತು, ಪಕ್ಕದ ಮನೆಯವರ ನಗು ಒಳಗೂ ಕೇಳುತ್ತಿತ್ತು.

"ಅಕ್ಕ, ನಡಿ, ಹೋಗೋಣ."

"ಹೋದ ಸಲ ಆ ಪಕ್ಕದ ಮನೆಗೇ ಓಡಿದ್ದೆ ಕಣೇ. ಇವರು ಬಂದು ಐದು ನಿಮಿಷ ಮಾತಾಡಿದ್ರು. ಆಮೇಲೆ ಆ ಮನೆಯವರೇ ನನಗೆ ಬುದ್ಧಿ ಹೇಳಿ ವಾಪಸ್ ಬಿಟ್ಟುಹೋದ್ರು. ನನ್ನ ಮಾತು ಯಾರು ನಂಬ್ತಾರೆ?"

"ನಾನು ನಂಬ್ತೀನಿ."

ಅವಳು ನನ್ನನ್ನೇ ನೋಡಿದಳು. "ನೀನೊಬ್ಳಿದ್ರೆ ಸಾಕು. ನಾಲ್ಕು ಬಟ್ಟೆ ತಗೋತೀನಿ. ನೀನು ಇವರ ಹತ್ರ ನಿಂತಿರು, ಒಳಗೆ ಬರದ ಹಾಗೆ."

ಗೇಟಿಗೆ ಹೋದೆ. ಭಾವ ನನ್ನನ್ನು ಕಂಡದ್ದೇ ಪಕ್ಕದವರಿಗೆ ಹೇಳಿದ: "ನಮ್ಮ ನಾದಿನಿ ಸುಮ್ಸುಮ್ನೆ ಬೈಯಲ್ಲ. ಅರ್ಥ, ಬಳಕೆ, ಉದಾಹರಣೆ ಸಮೇತ ಬೈತಾಳೆ. ಉದಾಹರಣೆ ಮಾತ್ರ ಯಾವಾಗ್ಲೂ ನಾನೇ!"

ಎಲ್ಲರೂ ನಕ್ಕರು. ದರಿದ್ರ ಬಾಯಿ, ನನ್ನದೂ ನಕ್ಕುಬಿಟ್ಟಿತು.

ತಿರುಗಿದರೆ ಬಾಗಿಲಲ್ಲಿ ಅಕ್ಕ, ಎಡಗೈಯಲ್ಲಿ ಚೀಲ. ನಗು ಇನ್ನೂ ನನ್ನ ಮುಖದ ಮೇಲೇ ಇತ್ತು. ಅವಳು ಚೀಲವನ್ನು ಬಾಗಿಲ ಹಿಂದಕ್ಕೆ ಸರಿಸಿದಳು. ನಾನು ಓಡಿಹೋದೆ.

"ಅಕ್ಕ, ಹಾಗಲ್ಲ…"

"ಚೀಟಿ ತೆಗಿ. ಹಳೇದು ಹೊಡೆದುಹಾಕು. ಹೊಸದು ಬರ್ಕೋ: ಅವರು ಮಾತಾಡ್ತಿದ್ರೆ ನನ್ನ ತಂಗೀನೂ ಮಂತ್ರಮುಗ್ಧಳಾಗಿ ನಿಂತುಬಿಡ್ತಾಳೆ."

ಬರೆದುಕೊಂಡೆ. ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿ, ಬಾಗಿಲು ಮುಚ್ಚಿಕೊಂಡಳು.