ವಿಮಲಮ್ಮನ ಹನ್ನೊಂದು ಸುತ್ತು

ವಿಮಲಮ್ಮ ಅಶ್ವತ್ಥಕಟ್ಟೆಯ ಒಂಬತ್ತನೆಯ ಸುತ್ತಿನಲ್ಲಿದ್ದಳು. ತಾನು ಮರ ಸುತ್ತಿ ಮುಗಿಸುವುದು ಮೊದಲೋ, ತಲೆ ಸುತ್ತುವುದು ಮೊದಲೋ ಎಂಬ ಪಂದ್ಯ ದಿನಾ ಬೆಳಿಗ್ಗೆ ನಡೆಯುತ್ತಿತ್ತು. ಆ ದಿನ ತಲೆ ಗೆದ್ದಿತು. ನಾಗರಕಲ್ಲಿನ ಪಕ್ಕ ಕುಸಿದು ಕೂತಳು.

ಅವಳ ರಕ್ತ ಹುಟ್ಟಿನಿಂದಲೇ ತೆಳು. ಟಾನಿಕ್ಕು, ನುಗ್ಗೆಸೊಪ್ಪು, ಬೆಲ್ಲ ಯಾವುದಕ್ಕೂ ಜಗ್ಗುವಂಥದ್ದಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಕನ್ನಡಕ ಹಣೆಗೇರಿಸಿ, ಒಂದೊಂದೇ ಪದವನ್ನು ಮೂಗಿನಿಂದ ಇಳಿಸಿ ಹೇಳಿದ್ದನ್ನು ಅವಳು ಮನೆಯಲ್ಲಿ ಅದೇ ಮೂಗಿನಲ್ಲಿ ಆಡಿ ತೋರಿಸುತ್ತಿದ್ದಳು: “ಇದು ಹೋಗೋ ಕಾಯ್ಲೆ ಅಲ್ಲಮ್ಮಾ, ಇರೋ ಕಾಯ್ಲೆ. ಮಲಗಿದ್ರೆ ಮಲಗೇಬಿಡ್ತೀರಿ. ದಿನಾ ನಡೀರಿ. ಉಸಿರು ಸಾಕು ಅಂದಾಗ ಕೂತ್ಕೊಳ್ಳಿ. ಆಮೇಲೆ ಏಳಿ.” ಮಗಳು ಜಗದಾಂಬಾ ಬಿದ್ದು ಬಿದ್ದು ನಗುತ್ತಿದ್ದಳು. ನಗಿಸಿದವಳಿಗೆ ನಗುವಷ್ಟು ಉಸಿರು ಉಳಿದಿರುತ್ತಿರಲಿಲ್ಲ.

ಆದರೆ ನಡೆಯುವುದು ಎಲ್ಲಿ? ರಾಜಾಜಿನಗರ ಆಗಿನ್ನೂ ಕಲ್ಲು ನೆಟ್ಟ ಕೆಮ್ಮಣ್ಣಿನ ಬಯಲು. ರಸ್ತೆಗೆ ನಂಬರು ಬಂದಿತ್ತು, ರಸ್ತೆ ಬಂದಿರಲಿಲ್ಲ. ಗಂಡಸು ಕೋಲು ಹಿಡಿದು ಹೊರಟರೆ ವಾಕಿಂಗು. ಹೆಂಗಸು ಬರಿಗೈಯಲ್ಲಿ ಹೊರಟರೆ ಮನೆಯಲ್ಲಿ ಜಗಳವಾಗಿದೆ ಎಂದು ಅರ್ಥ. ಮರ ಸುತ್ತುವವಳನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ, ಎಲ್ಲರಿಗೂ ಉತ್ತರ ಮೊದಲೇ ಗೊತ್ತಿರುತ್ತದೆ. ಒಬ್ಬಳೇ ಮಗಳು, ವಯಸ್ಸು ನಲವತ್ತರ ಹತ್ತಿರ, ಗಂಡುಮಗುವಿಗೆ ಹರಕೆ ಹೊತ್ತಿದ್ದಾಳೆ ಎಂದು ಕೇರಿ ತೀರ್ಮಾನಿಸಿತು. ವಿಮಲಮ್ಮ ಅಲ್ಲವೆನ್ನಲಿಲ್ಲ. ಜಗದಾಂಬಾಳಿಗೆ ಅತ್ತಿಗುಪ್ಪೆಯ ಕಡೆ ಗಂಡಿನ ಮಾತು ನಡೆದಿತ್ತು. ರಕ್ತದಲ್ಲೇ ಕಾಯಿಲೆ ಎಂದರೆ ರಕ್ತಸಂಬಂಧಿಗಳೂ ಬಾಗಿಲು ಹಾಕಿಕೊಳ್ಳುವ ಕಾಲ. ಯುಗಾದಿಗೆ ಮೂರು ಸುತ್ತು ಇದ್ದದ್ದು ಕಾರಹುಣ್ಣಿಮೆಯ ಹೊತ್ತಿಗೆ ಹನ್ನೊಂದಾಗಿತ್ತು.

ಅವಳು ಕುಸಿದದ್ದನ್ನು ಪಾಪಮ್ಮ ಕಂಡಳು. ಬಡಾವಣೆ ಬರುವ ಮುಂಚಿನಿಂದ ಕಟ್ಟೆಯ ಎದುರೇ ಇದ್ದ, ಮಂಡಿ ಸವೆದ ಮುದುಕಿ. ಮೈ ಕೈಕೊಟ್ಟವರ ಹರಕೆಯನ್ನು ಬೇರೆಯವರು ತೀರಿಸಬಹುದು, ಫಲ ಮಾತ್ರ ಹೊತ್ತವಳಿಗೇ ಎಂದು ನಿಯಮ ಹೇಳಿದಳು. ಮಾರನೆಯ ದಿನ ಐದು ಜನ ಹೆಂಗಸರು ಸೆರಗು ಸಿಕ್ಕಿಸಿ ಬಂದರು. ವಿಮಲಮ್ಮನನ್ನು ಕಟ್ಟೆಯ ಮೇಲೆ ಕೂರಿಸಿ, ಕೈಗೆ ಮಜ್ಜಿಗೆ ಲೋಟ ಕೊಟ್ಟು, ಹರಕೆಯ ನೂರೆಂಟು ಸುತ್ತನ್ನು ತಮ್ಮೊಳಗೆ ಹಂಚಿಕೊಂಡರು. ಅವಳು ಬೇಡವೆಂದದ್ದನ್ನು ಸಂಕೋಚವೆಂದು ತಿಳಿದರು. ಅತ್ತಿಗುಪ್ಪೆಯ ಗಂಡಿನ ಕಡೆಗೆ ನೆಂಟಳಾದ ಅಕ್ಕಯ್ಯಮ್ಮನಂತೂ ಕಾರ್ಖಾನೆಯ ಸೈರನ್ನಿಗೆ ಓಡುವವರ ಹಾಗೆ ಸುತ್ತಿದಳು.

ಇಪ್ಪತ್ತು ದಿನ ಹೀಗೇ ಕಳೆಯಿತು. ಅವಳೊಬ್ಬಳನ್ನು ಬಿಟ್ಟು ಇಡೀ ಕೇರಿಗೆ ವ್ಯಾಯಾಮವಾಯಿತು. ಅವಳ ಕಾಲು ಹತ್ತಿಯಾಯಿತು. ಮನೆಯ ಮೂರು ಮೆಟ್ಟಿಲಿಗೆ ಗೋಡೆ ಹಿಡಿಯಬೇಕಾಯಿತು. ಒಂದು ಸಂಜೆ ಬಿಂದಿಗೆ ಕೈಜಾರಿ ನಡುಮನೆಯೆಲ್ಲ ನೀರಾಯಿತು. ಗಂಡ ನಂಜುಂಡಪ್ಪ ಗದರಲಿಲ್ಲ. ಶ್ರಾವಣಕ್ಕೆ ನನ್ನ ತಂಗಿಯನ್ನು ಕರೆಸಿ ಅಡುಗೆಮನೆ ಒಪ್ಪಿಸೋಣ, ನೀನು ಮಂಚದಲ್ಲಿ ಹಾಯಾಗಿರು ಎಂದ. ಆ ಮಂಚವನ್ನು ವಿಮಲಮ್ಮ ಬಲ್ಲಳು. ಅವಳ ತಾಯಿ ಅಂಥದ್ದರಲ್ಲೇ ಆರು ವರ್ಷ ಹಾಯಾಗಿ ಮಲಗಿ, ಹಾಯಾಗಿ ಹೋಗಿದ್ದಳು.

ಬೆಳಗಾದ ಕೂಡಲೇ, ಉಳಿದವರು ಬರುವ ಮುಂಚೆ, ಪಾಪಮ್ಮನ ಜಗಲಿಯ ಮೇಲೆ ಹೋಗಿ ಕೂತಳು. ಉಸಿರು ಸರಿಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

“ಪಾಪಕ್ಕಾ, ಹರಕೆ ಇಲ್ಲ ಕಣಕ್ಕ. ನನ್ನ ರಕ್ತ ಸರಿಯಿಲ್ಲ, ಹುಟ್ಟಿದಾಗ್ಲಿಂದ. ನಡೀತಾ ಇದ್ರೆ ಕಾಲ ಮೇಲೆ ನಿಂತಿರ್ತೀರಿ ಅಂದ್ರು ಡಾಕ್ಟ್ರು. ಅದಕ್ಕೇ ಸುತ್ತುತಾ ಇದ್ದೆ.”

ಪಾಪಮ್ಮನ ಬಾಯಲ್ಲಿ ಎಲೆಅಡಿಕೆ ನಿಂತಿತು. “ದೇವ್ರ ಮರದ ಮುಂದೆ ನಮ್ಗೆಲ್ಲ ಸುಳ್ಳು ಹೇಳ್ದಾ?”

“ನಾನೇನೂ ಹೇಳ್ಲಿಲ್ಲ. ನೀವೇ ಹೇಳ್ಕೊಂಡ್ರಿ.”

“ಅಕ್ಕಯ್ಯಮ್ಮಂಗೆ ಗೊತ್ತಾ?”

ಇಲ್ಲವೆಂದು ತಲೆಯಾಡಿಸಿದಳು. ಪಾಪಮ್ಮ ತನ್ನ ಮಂಡಿಯನ್ನು ನೀವಿಕೊಂಡಳು. ಆಮೇಲೆ ಎಲೆಅಡಿಕೆ ಉಗಿದು, ಕೋಲೂರಿಕೊಂಡು ಕಟ್ಟೆಯತ್ತ ಹೋಗಿ, ವಿಮಲಮ್ಮನನ್ನು ಕೂರಿಸುತ್ತಿದ್ದ ಜಾಗದಲ್ಲಿ ತಾನೇ ಕೂತಳು. ಸೆರಗು ಸಿಕ್ಕಿಸಿ ಬಂದ ಹೆಂಗಸರಿಗೆ ಹೇಳಿದಳು:

“ವಿಮಲನ ಹರಕೆ ನೆನ್ನೆಗೆ ಮುಗೀತು. ಇವತ್ತಿಂದ ನಂದು, ನನ್ನ ಮಂಡಿಗೆ. ನನ್ ಕೈಲಿ ಸುತ್ತಾಕಾಗಲ್ಲ, ನನ್ ಪರವಾಗಿ ಅವಳೇ ಸುತ್ಬೇಕು. ನೀವ್ಯಾರೂ ಕಾಲಿಡಂಗಿಲ್ಲ.”

ಪಾಪ, ಅವಳಿಗೇ ತ್ರಾಣವಿಲ್ಲವಲ್ಲ, ಎಷ್ಟು ದಿನ ಸುತ್ತಬೇಕು ಎಂದು ಅಕ್ಕಯ್ಯಮ್ಮ ಕೇಳಿದಳು.

“ಮಂಡಿ ವಾಸಿಯಾಗೋವರ್ಗೂ. ದಿನಕ್ಕೆ ಅವಳ ಕೈಲಿ ಎಷ್ಟಾಗುತ್ತೋ ಅಷ್ಟು.”

ಎಪ್ಪತ್ತರ ಮಂಡಿ ಯಾವಾಗ ವಾಸಿಯಾಗುತ್ತದೆಂದು ಯಾರೂ ಕೇಳಲಿಲ್ಲ. ಹರಕೆಯ ವಿಷಯದಲ್ಲಿ ಹಾಗೆಲ್ಲ ಕೇಳಬಾರದು.

ವಿಮಲಮ್ಮ ಹೊರಟಳು. ಒಂದು. ಎರಡು. ಮೂರನೆಯದಕ್ಕೇ ಕಣ್ಣು ಮಬ್ಬಾಯಿತು, ಎದೆ ಬಡಿದುಕೊಂಡಿತು. ಹನ್ನೊಂದು ಎಲ್ಲಿ, ಮೂರು ಎಲ್ಲಿ. ಮತ್ತೆ ಯುಗಾದಿಗೇ ಬಂದು ನಿಂತ ಹಾಗಾಯಿತು. ಪಾಪಮ್ಮನ ಪಕ್ಕ ಕುಕ್ಕರಿಸಿ, ಮಜ್ಜಿಗೆ ಕುಡಿದು, ಕಣ್ಣು ಮುಚ್ಚಿದಳು. ಇನ್ನು ಜನ್ಮದಲ್ಲಿ ಏಳಬಾರದು ಅನ್ನಿಸಿತು.

ಸ್ವಲ್ಪ ಹೊತ್ತಾದ ಮೇಲೆ ಪಾದಕ್ಕೆ ಕೋಲಿನ ತುದಿ ತಾಗಿತು.

“ಏಳೇ,” ಎಂದಳು ಪಾಪಮ್ಮ. “ನನ್ ಮಂಡಿ ನೋಯ್ತಾ ಐತೆ.”

ವಿಮಲಮ್ಮ ಮರ ಹಿಡಿದುಕೊಂಡು ಎದ್ದಳು.