ಆರನೇ ಕೆಂಪು ಚುಕ್ಕೆ

"ಬಂದ ನೋಡಿ ನಮ್ಮ ರಿವರ್ಸ್ ಗೇರ್!" ಅಂದರು ಮ್ಯಾನೇಜರ್, ಹದಿನಾಲ್ಕು ಜನರ ಎದುರಿಗೆ. "ಒಂಬತ್ತನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟ ಆಸಾಮಿ. ಇವನಿಗೆ ಲೆಕ್ಕ ಬರದಿದ್ದರೆ ಬಿಡಿ, ಈ ಪರದೆಗೆ ಬರುತ್ತೆ."

ಎಲ್ಲರೂ ನಕ್ಕರು. ಯಾರ ತಪ್ಪುಗಳನ್ನು ನಾನು ತಲೆಮೇಲೆ ಹೊತ್ತಿದ್ದೆನೋ, ಅವರೂ ನಕ್ಕರು.

ಗೋಡೆಯ ಮೇಲಿನ ಆ ಪರದೆ ಬಂದು ಮೂರು ತಿಂಗಳು. ನಾವು ಬರೆದ ಕೋಡ್ ಎಲ್ಲಿ ಶೇಖರವಾಗುತ್ತೋ ಅಲ್ಲಿಂದ ಹಿಡಿದು ಅದು ಬಳಸುವವರ ಕೈ ಸೇರುವವರೆಗೂ ಅದಕ್ಕೆ ಕಣ್ಣು. ಯಾರು ಎಷ್ಟು ಸಲ ಹೊಸ ಕೋಡ್ ಬಿಡುಗಡೆ ಮಾಡಿದರು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಕೆಟ್ಟವು. ನೆಟ್ಟಗೆ ಹೋದರೆ ಹಸಿರು ಚುಕ್ಕೆ, ಕೆಟ್ಟರೆ ಕೆಂಪು. ನನ್ನ ಸಾಲಿನಲ್ಲಿ ಐದು ಕೆಂಪು. ಆರಾದರೆ ಮನೆಗೆ, ಎಚ್ಚರಿಕೆಯ ಪತ್ರ ಕೊಟ್ಟಾಗಿತ್ತು. ರಿಪೇರಿ ಅಂಗಡಿಯಲ್ಲಿ ಕೂತು ಕಂಪ್ಯೂಟರ್ ಕಲಿತವನು ನಾನು. ಸರ್ಟಿಫಿಕೇಟ್ ಇಲ್ಲದವನನ್ನು ಇನ್ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ?

ಆ ಐದರಲ್ಲಿ ಒಂದೂ ನಾನು ಕೆಡಿಸಿದ್ದಲ್ಲ. ಬೇರೆಯವರು ಕೆಡಿಸಿದ್ದನ್ನು ವಾಪಸ್ ಎಳೆದು ಹಳೆಯದನ್ನೇ ಕೂರಿಸಿದ್ದೆ, ಅಷ್ಟೆ. ಪರದೆಗೆ ಮಾತ್ರ ವಾಪಸ್ ಗುಂಡಿ ಒತ್ತಿದವನೇ ಕಳ್ಳ, ಕೆಂಪು ಅವನ ಸಾಲಿಗೆ. ಇದು ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಒತ್ತಲ್ಲ. ಕೆಟ್ಟದ್ದರ ಮೇಲೆ ತೇಪೆ ಹಾಕಿ ಮತ್ತೆ ಬಿಡುತ್ತಾರೆ. ತೇಪೆಗೂ ಒಂದು ಹಸಿರು! ಪಕ್ಕದ ಮೇಜಿನವನಿಗೆ ನಾವಿಟ್ಟ ಹೆಸರು ಎಕ್ಸ್‌ಪ್ರೆಸ್. ಅವನ ಸಾಲು ಹುಲ್ಲುಗಾವಲು. ಮ್ಯಾನೇಜರ್‌ಗೆ ಹೇಳಿ ನೋಡಿದ್ದೆ. "ಯಂತ್ರ ಯಾಕಪ್ಪಾ ಸುಳ್ಳು ಹೇಳುತ್ತೆ?" ಅಂದಿದ್ದರು.

ಹನ್ನೊಂದಕ್ಕೆ ಎಕ್ಸ್‌ಪ್ರೆಸ್ ಒಂದು ಬಿಡುಗಡೆ ಮಾಡಿದ. ಹಸಿರು. ಅರ್ಧ ಗಂಟೆಯೂ ಆಗಿಲ್ಲ, ಅಕ್ಕನ ಫೋನು. ಅಕ್ಕ ಆಂಬುಲೆನ್ಸ್ ಕಳಿಸುವ ಕಚೇರಿಯಲ್ಲಿದ್ದಾಳೆ. ಅಲ್ಲಿ ಕೆಳಗಿನ ಮಹಡಿಯವರು ಫೋನಿನಲ್ಲಿ ಕೇಳಿ ಬರೆದುಕೊಂಡ ವಿಳಾಸ ಅವಳ ಪರದೆಗೆ ಬರಬೇಕು. ಮುಟ್ಟಿಸುವುದು ನಮ್ಮ ಸಾಫ್ಟ್‌ವೇರ್.

"ತಮ್ಮಾ, ಇಪ್ಪತ್ತು ನಿಮಿಷದಿಂದ ಒಂದು ವಿಳಾಸವೂ ಬಂದಿಲ್ಲ ಕಣೋ. ಇವರೆಲ್ಲ ಆರಾಮಾಗಿ ಹರಟೆ ಹೊಡೀತಿದ್ದಾರೆ. ನನಗ್ಯಾಕೋ ಇದು ಸರಿ ಅನ್ನಿಸ್ತಿಲ್ಲ."

ಫೋನ್ ಕಿವಿಯಲ್ಲೇ ಇಟ್ಟುಕೊಂಡು ಎಕ್ಸ್‌ಪ್ರೆಸ್ ಹತ್ತಿರ ಓಡಿದೆ. ಅವನ ಕಂಪ್ಯೂಟರಿನಲ್ಲೇ ತೆರೆದು ನೋಡಿದರೆ ಹನ್ನೊಂದು ವಿಳಾಸಗಳು ನಡುದಾರಿಯಲ್ಲೇ ಸಾಲುಗಟ್ಟಿ ನಿಂತಿವೆ.

"ಹತ್ತೇ ನಿಮಿಷ ಕೊಡೋ," ಅಂದ ಅವನು. "ಮೇಲೊಂದು ತೇಪೆ ಹಾಕಿಬಿಡ್ತೀನಿ."

"ಹತ್ತು ನಿಮಿಷದಲ್ಲಿ ಹೆಣ ಬೀಳುತ್ತೆ! ವಾಪಸ್ ಒತ್ತೋ!"

"ನನ್ನ ಕೈಲಾಗಲ್ಲ. ಬಡ್ತಿ ಪಟ್ಟಿ ನಾಳೆ ಬರುತ್ತೆ ಕಣೋ."

ಮೌಸ್‌ನಿಂದ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ, ಪುಟ್ಟ ಮಕ್ಕಳ ಹಾಗೆ.

ನನ್ನ ಮೇಜಿಗೆ ಆರು ಹೆಜ್ಜೆ. ಕೆಲಸ ಹೋಯಿತು, ಹೋಯಿತು ಅಂದುಕೊಳ್ಳುತ್ತಲೇ ದಾಟಿದೆ. ಪಾಸ್‌ವರ್ಡ್ ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಒಳಹೊಕ್ಕು ವಾಪಸ್ ಗುಂಡಿ ಒತ್ತಿದೆ.

"ಬಂತು!" ಅಕ್ಕ ಕೂಗಿದಳು. "ಅಯ್ಯೋ, ಎಲ್ಲಾ ಒಟ್ಟಿಗೇ..." ಆಮೇಲೆ ಅವಳ ದನಿ ಇಳಿಯಿತು. "ಮೊದಲನೆಯದು ಎದೆನೋವಂತೆ. ಮನೇಲಿ ಒಬ್ಬರೇ ಇದ್ದಾರಂತೆ. ಗಾಡಿ ಬಿಟ್ಟಿದ್ದೀನಿ. ತಡಿ, ಆ ನಂಬರಿಗೆ ಮಾಡ್ತಿದ್ದೀನಿ... ಎತ್ತುತ್ತಿಲ್ಲ ಕಣೋ."

ಗೋಡೆಯ ಮೇಲೆ ನನ್ನ ಸಾಲಿನಲ್ಲಿ ಆರನೇ ಚುಕ್ಕೆ ಹೊತ್ತಿಕೊಂಡಿತು.

"ಆರು!" ಮ್ಯಾನೇಜರ್ ಗಾಜಿನ ಕೋಣೆಯಿಂದ ಹೊರಬಂದರು. "ಏನಪ್ಪಾ ರಿವರ್ಸ್ ಗೇರ್, ಈ ಸಲ ಏನು ಕಥೆ ಹೇಳ್ತೀಯ?"

ಹದಿಮೂರು ತಲೆಗಳು ತಿರುಗಿದವು. ಎಕ್ಸ್‌ಪ್ರೆಸ್ ಒಬ್ಬ ಮಾತ್ರ ಕೀಬೋರ್ಡ್ ನೋಡುತ್ತಿದ್ದ, ಕೈ ಇನ್ನೂ ತೊಡೆಯ ಕೆಳಗೆ. ಅವನ ಕಾಲರ್ ಹಿಡಿದು ಎಬ್ಬಿಸಬೇಕು ಅನ್ನಿಸಿತು.

"ನಿನ್ನನ್ನೇ ಕೇಳ್ತಿರೋದು! ಕಿವಿ ಕೇಳಲ್ವಾ?" ಮ್ಯಾನೇಜರ್ ನನ್ನೆದುರಿಗೇ ಬಂದು ನಿಂತರು.

ಕಿವಿಯಲ್ಲಿ ಅಕ್ಕನ ಉಸಿರು. ಅದರ ಹಿಂದೆ ಯಾವುದೋ ಮನೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಕೊರಳಿನ ಗುರುತಿನ ಚೀಟಿ ಮೇಜಿನ ಮೇಲಿಟ್ಟು, ಅವರನ್ನು ಸುತ್ತು ಹಾಕಿ ಬಾಗಿಲ ಕಡೆ ನಡೆದೆ.